ದೂರವನ್ನು ಉಳಿಸಿಕೋ

ಪುಟ್ಟೀ, ವೀಸಾ ಕೈಗೆ ಬಂತು, ಟಿಕೆಟ್ ಆಯಿತು, ಸೂಟ್‌ಕೇಸಿನ ತೂಕ ನೋಡಿದ್ದೂ ಆಯಿತು. ಸ್ಟುಟ್‌ಗಾರ್ಟಿಗೆ ಹೊರಡುವ ಮುಂಚೆ ದೊಡ್ಡಪ್ಪನ ಮಾತು ಸ್ವಲ್ಪ ಕೇಳಿಸಿಕೊಂಡು ಹೋಗು. ಚಳಿಗೆ ಎಂಥ ಕೋಟು ಬೇಕು, ಕುಕ್ಕರ್ ಒಯ್ಯಬೇಕೋ ಬೇಡವೋ ಎಂದು ಹೇಳುವವರು ಮನೆತುಂಬ ಇದ್ದಾರೆ. ನಾನು ಹೇಳಬೇಕೆಂದಿರುವುದು ನಿನ್ನ ಕೈಯಲ್ಲಿರುವ ಫೋನಿನ ವಿಷಯ. ಎರಡು ವರ್ಷದ ನಿನ್ನ ಓದು ಅದರ ಮೇಲೆ ಎಷ್ಟು ನಿಂತಿದೆ ಎನ್ನುವುದು ಈಗಲೇ ಗೊತ್ತಿದ್ದರೆ ಒಳ್ಳೆಯದು.

ಮೊದಲು ದುಡ್ಡಿನಿಂದಲೇ ಶುರು ಮಾಡುತ್ತೇನೆ. ವೀಸಾಕ್ಕೆಂದು ನಿನ್ನಪ್ಪ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಟ್ಟಿದ್ದಾನೆ. ನಮ್ಮ ಲೆಕ್ಕದಲ್ಲಿ ಹನ್ನೆರಡು ಲಕ್ಷದ ಆಸುಪಾಸು. ಜರ್ಮನಿಯ ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಆದರೆ ನೀನು ಹೋಗುತ್ತಿರುವ ಬಾಡೆನ್-ವುರ್ಟೆಂಬರ್ಗ್ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಇಷ್ಟೆಲ್ಲ ಕೊಟ್ಟು ನಾವು ಕೊಳ್ಳುತ್ತಿರುವುದೇನು? ಒಳ್ಳೆಯ ಪ್ರೊಫೆಸರುಗಳ ಪಾಠ ಇಲ್ಲೇ ಕೂತು ಕಂಪ್ಯೂಟರಿನಲ್ಲಿ ಕೇಳಬಹುದು, ಪುಸ್ತಕಗಳೂ ಸಿಗುತ್ತವೆ. ಇಲ್ಲಿ ಸಿಗದೇ ಇರುವುದು ದೂರ. ಪರಿಚಯವಿಲ್ಲದ ಜನರ ನಡುವೆ ಒಬ್ಬಳೇ ನಿಂತು, ಅವರ ಲ್ಯಾಬಿನಲ್ಲಿ ಕೈ ಕೊಳೆ ಮಾಡಿಕೊಂಡು, ಅವರ ಮಾತು ಅರ್ಥವಾಗದೆ ಒದ್ದಾಡಿ, ಕೊನೆಗೆ ಅರ್ಥವಾಗುವ ಹೊತ್ತಿಗೆ ನೀನೇ ಸ್ವಲ್ಪ ಬೇರೆಯಾಗಿರುತ್ತೀಯಲ್ಲ, ಅದಕ್ಕೆ ನಾವು ದುಡ್ಡು ಕೊಡುತ್ತಿದ್ದೇವೆ.

ಆ ದೂರವನ್ನು ಫೋನು ದಿನವೂ ಅಳಿಸಿಹಾಕುತ್ತದೆ. ಬೆಳಿಗ್ಗೆ ಏಳುತ್ತಲೇ ನಮ್ಮ ಮನೆಯ ಗ್ರೂಪಿನಲ್ಲಿ ಯಾರ ಮನೆಗೆ ಯಾರು ಬಂದರು ಎಂದು ನೋಡುವುದು, ಮಧ್ಯಾಹ್ನ ಇಲ್ಲಿಯ ಸುದ್ದಿ, ರಾತ್ರಿ ಕನ್ನಡ ಸಿನಿಮಾ, ನಡುವೆ ಗೆಳತಿಯರ ರೀಲ್ಸು. ಹೀಗೆ ಬದುಕುವ ಹುಡುಗ ಹುಡುಗಿಯರ ಮೈ ಮಾತ್ರ ಅಲ್ಲಿರುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಊರು ಬಿಟ್ಟವರಿಗೆ ಊರು ಬೇಕಾಗುತ್ತದೆ. ಆದರೆ ಮೂರು ಹೊತ್ತೂ ಊರನ್ನೇ ಮೆಲ್ಲುತ್ತಿದ್ದರೆ ಹೊಸ ಊರಿನ ಹಸಿವೇ ಹುಟ್ಟುವುದಿಲ್ಲ, ಪುಟ್ಟೀ.

ಅನಂತಮೂರ್ತಿಯವರ ವಿಷಯ ನಿನಗೆ ಗೊತ್ತಿರಬೇಕು. ಅವರು ಅರವತ್ತರ ದಶಕದಲ್ಲಿ ಪಿಎಚ್.ಡಿ. ಮಾಡಲು ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದರು. ಅಲ್ಲಿ ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದರು. ನೋಡಿ ಬಂದ ಮೇಲೆ ನಡೆದ ಮಾತುಕತೆಯೇ ‘ಸಂಸ್ಕಾರ’ ಬರೆಯಲು ಹಚ್ಚಿತು. ನಮ್ಮ ಮಲೆನಾಡಿನ ಒಂದು ಅಗ್ರಹಾರದ ಕಥೆ ಇಂಗ್ಲೆಂಡಿನ ಕೋಣೆಯೊಂದರಲ್ಲಿ ಕನ್ನಡದಲ್ಲಿ ಹುಟ್ಟಿತು, 1965ರಲ್ಲಿ ಪುಸ್ತಕವಾಯಿತು. ಅವರಿಗೆ ಆಗ ದಿನವಿಡೀ ಜೇಬಿನಲ್ಲಿ ಕನ್ನಡ ಕೇಳುತ್ತಿದ್ದರೆ ಆ ಬರವಣಿಗೆ ಅಷ್ಟು ಒತ್ತರಿಸಿಕೊಂಡು ಬರುತ್ತಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬರುತ್ತಿರಲಿಲ್ಲ ಎಂದೇ ನನಗನಿಸುತ್ತದೆ. ಊರಿನ ನೆನಪು ಕಾಡಿದಾಗ ಅದನ್ನು ಕೂಡಲೇ ತಣಿಸಿಬಿಡಬೇಡ. ಸ್ವಲ್ಪ ಹೊತ್ತು ಕಾಡಲಿ ಬಿಡು, ಅದರಿಂದ ಏನಾದರೂ ಹುಟ್ಟುತ್ತದೆ.

ನೀನು ಓದಲು ಹೋಗುತ್ತಿರುವುದು ಯಂತ್ರಗಳನ್ನೇ. ಅಂಥವಳಿಗೆ ಯಂತ್ರ ಕಡಿಮೆ ಮಾಡು ಎನ್ನುವುದು ಸರಿಯೇ ಎಂದು ನಿನ್ನಮ್ಮ ಕೇಳಿದಳು. ಲ್ಯಾಬಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಎಷ್ಟು ಬೇಕೋ ಅಷ್ಟು ಮಾಡು, ನಿನ್ನ ಗುರಿ ಇರುವುದೇ ಅಲ್ಲಿ. ಬ್ಯಾಂಕಿಗೆ, ವಿಶ್ವವಿದ್ಯಾಲಯದ ಲಾಗಿನ್ನಿಗೆ, ರೈಲಿನ ಟಿಕೆಟ್ಟಿಗೆ ಫೋನು ಬೇಕಾಗುತ್ತದೆ, ಇಟ್ಟುಕೋ. ಕೆಲಸ ಮುಗಿದ ಮೇಲೂ ಕೈಗೆ ಅಂಟಿಕೊಂಡೇ ಇರುವುದನ್ನು ಮಾತ್ರ ಬಿಡು ಎನ್ನುತ್ತೇನೆ. ರೂಮಿಗೆ ಬಂದರೆ ಫೋನನ್ನು ಚಪ್ಪಲಿ ಬಿಡುವ ಜಾಗದ ಹತ್ತಿರವೇ ಚಾರ್ಜಿಗೆ ಹಾಕಿಬಿಡು. ಎಬ್ಬಿಸುವುದಕ್ಕೆ ಒಂದು ಅಲಾರಂ ಗಡಿಯಾರ ಕೊಂಡುಕೋ. ಹಾಸಿಗೆಯ ಪಕ್ಕ ಫೋನು ಬೇಡ.

ಆ ದೇಶದಲ್ಲಿ ಹೀಗೆ ಬದುಕುವುದು ನೀನಂದುಕೊಂಡಷ್ಟು ಕಷ್ಟವಲ್ಲ. ಇವತ್ತಿಗೂ ಅಲ್ಲಿ ಎಷ್ಟೋ ವ್ಯವಹಾರ ಕಾಗದದಲ್ಲೇ ನಡೆಯುತ್ತದೆ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಆಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಬ್ಯಾಂಕಿನ ಪಿನ್ ಕೂಡ ಅಂಚೆಯಲ್ಲಿ ಬರುವುದುಂಟು. ಮನೆಯ ಕೆಳಗಿನ ಅಂಚೆಪೆಟ್ಟಿಗೆಯ ಮೇಲೆ ನಿನ್ನ ಹೆಸರಿನ ಚೀಟಿ ಇಲ್ಲದಿದ್ದರೆ ಕಾಗದ ವಾಪಸು ಹೋಗಿಬಿಡುತ್ತದೆ. ಅದಕ್ಕೇ ಹೋದ ದಿನವೇ ಹೆಸರು ಅಂಟಿಸು. ಭಾನುವಾರ ಹೆಚ್ಚಿನ ಅಂಗಡಿಗಳು ಬಂದ್. ಭಾನುವಾರದ ಬಿಡುವನ್ನು 1919ರ ವೈಮಾರ್ ಸಂವಿಧಾನದಲ್ಲೇ ಬರೆದಿಟ್ಟಿದ್ದರು, 1949ರ ಸಂವಿಧಾನದಲ್ಲಿ ಅದನ್ನು ಹಾಗೇ ಉಳಿಸಿಕೊಂಡರು. ಹಾಲು, ಬ್ರೆಡ್ಡು, ತರಕಾರಿ ಶನಿವಾರವೇ ತಂದಿಟ್ಟುಕೋ. ಭಾನುವಾರ ನಡೆಯಲು ಹೋಗು. ನಿಮ್ಮ ವಿಶ್ವವಿದ್ಯಾಲಯದ ವೈಹಿಂಗನ್ ಆವರಣದ ಹತ್ತಿರವೇ ಕಾಡಿದೆ, ಕೆರೆಗಳಿವೆ. ಮ್ಯಾಪು ನೋಡದೆ ಹೋಗಿ ಒಂದೆರಡು ಸಲ ದಾರಿ ತಪ್ಪು. ತಪ್ಪಿದಾಗ ಯಾರನ್ನಾದರೂ ಜರ್ಮನ್ನಿನಲ್ಲೇ ಕೇಳು.

ಭಾಷೆಯ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ನಿನ್ನ ಕೋರ್ಸು ಇಂಗ್ಲಿಷಿನಲ್ಲಿದೆ, ಅದೇ ಅಪಾಯ. ಫೋನನ್ನು ಅಂಗಡಿಯ ಡಬ್ಬಿಗೆ ಹಿಡಿದರೆ ಅನುವಾದ, ಕಚೇರಿಯ ಕಾಗದಕ್ಕೆ ಹಿಡಿದರೆ ಅನುವಾದ. ಹೀಗೆ ನಾಲ್ಕು ಸೆಮಿಸ್ಟರು ಕಳೆದುಬಿಡುತ್ತವೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಅಲ್ಲೇ ಇರಲು ಬಿಡುತ್ತಾರೆ. ಆದರೆ ಸಂದರ್ಶನಕ್ಕೆ ಕೂತಾಗ ಎದುರಿಗಿರುವವರ ಮಾತು ತಿಳಿಯಬೇಕು, ಕಾರ್ಖಾನೆಯ ಕೆಲಸಗಾರನ ಹತ್ತಿರ ಅವನ ಭಾಷೆಯಲ್ಲಿ ಮಾತಾಡಬೇಕು. ಇನ್ನೊಂದು ದೃಷ್ಟಾಂತ ನಮ್ಮ ಕಡೆಯದೇ. ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಇಪ್ಪತ್ತೊಂದರ ಹುಡುಗನಾಗಿ ನಮ್ಮ ಸೀಮೆಗೆ ಬಂದ, ಹೆಚ್ಚು ಕಡಿಮೆ ನಿನ್ನ ವಯಸ್ಸು. ಬಂದವನು ಕನ್ನಡವನ್ನು ಕಲಿತು, ಕೇಶಿರಾಜನ ವ್ಯಾಕರಣಕ್ಕೆ ಕೈಹಾಕಿ, ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ. ಅವನು ಕೊನೆಯುಸಿರೆಳೆದ ಟ್ಯೂಬಿಂಗನ್ ನಿನ್ನ ಊರಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಒಮ್ಮೆ ಹೋಗಿ ಬಾ. ಆ ಜನರಲ್ಲಿ ಒಬ್ಬ ನಮ್ಮ ಭಾಷೆಗೆ ಬದುಕನ್ನೇ ಕೊಟ್ಟ ಮೇಲೆ, ನಾವು ಅವರ ಭಾಷೆಗೆ ದಿನಕ್ಕೆ ಒಂದು ಗಂಟೆಯಾದರೂ ಕೊಡಬೇಡವೇ?

ಗುರಿ ಅಂದೆನಲ್ಲ, ಅದನ್ನು ಹಾಳೆಯ ಮೇಲೆ ಬರೆದುಕೋ. ಇಂಥ ಲ್ಯಾಬಿನಲ್ಲಿ ಇಂಥ ಕೆಲಸ ಕಲಿಯಬೇಕು, ಇಂಥವರ ಕೈಕೆಳಗೆ ಥೀಸಿಸ್ ಮಾಡಬೇಕು ಎಂದು ಬಿಡಿಸಿ ಬರಿ. ‘ಅಲ್ಲೇ ಸೆಟ್ಲ್ ಆಗಬೇಕು’ ಎನ್ನುವುದು ನೆಂಟರಿಷ್ಟರ ಗುರಿ. ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ದುಡಿಯಲು ವಿದ್ಯಾರ್ಥಿಗಳಿಗೆ ಅವಕಾಶವಿದೆ. ಕೈಖರ್ಚಿಗೆ ಬೇಕಾದಷ್ಟು ದುಡಿ, ಓದನ್ನು ಬಿಟ್ಟು ದುಡಿಯಬೇಡ. ಇಲ್ಲಿ ಬ್ಯಾಕ್‌ಲಾಗ್ ಉಳಿಸಿಕೊಂಡು ಮುಂದಿನ ವರ್ಷ ನೋಡಿಕೊಳ್ಳೋಣ ಎನ್ನುವವರನ್ನು ಬೇಕಾದಷ್ಟು ನೋಡಿದ್ದೀಯ. ಅಲ್ಲಿ ಒಂದು ಪರೀಕ್ಷೆ ಎಷ್ಟು ಸಲ ಬರೆಯಬಹುದು ಎನ್ನುವುದಕ್ಕೆ ಮಿತಿ ಇರುತ್ತದೆ. ಅದು ದಾಟಿದರೆ ಆ ಕೋರ್ಸೇ ಕೈತಪ್ಪುತ್ತದೆ. ಮೊದಲ ವಾರದಲ್ಲೇ ಪರೀಕ್ಷಾ ನಿಯಮ ಪೂರ್ತಿ ಓದಿಕೋ.

ಮತ್ತೆ ಫೋನಿನ ಮಾತಿಗೇ ಬರುತ್ತೇನೆ. ಮೊನ್ನೆ ಅಜ್ಜಿ ಸಾರಿನ ಪುಡಿ ಹುರಿಯುವಾಗ ನೀನು ಬಾಗಿಲಲ್ಲಿ ನಿಂತು ವಿಡಿಯೋ ಮಾಡಿಕೊಂಡೆ. ಕೊತ್ತಂಬರಿ ಬೀಜ ಕೆಂಪಗಾಗುತ್ತಿತ್ತು, ಮೆಂತ್ಯದ ವಾಸನೆ ಹಿತ್ತಲಿನವರೆಗೆ ಬರುತ್ತಿತ್ತು, ಅಜ್ಜಿ ಬಾಣಲೆಯಿಂದ ಎರಡು ಕಾಳು ತೆಗೆದು ‘ಹಿಸುಕಿ ನೋಡೇ’ ಎಂದು ನಿನ್ನ ಕಡೆ ಚಾಚಿದರು. ನಿನ್ನ ಎರಡು ಕೈಯಲ್ಲೂ ಫೋನಿತ್ತು. ಹೊರಡುವ ಮುಂಚೆ ಒಂದು ಬೆಳಿಗ್ಗೆ ಅವರ ಪಕ್ಕ ಕೂತು ನೀನೇ ಹುರಿ, ನೀನೇ ಕುಟ್ಟು. ಕಾಳು ಹಿಸುಕಿದರೆ ಎಷ್ಟು ಗರಿಗರಿ ಇರಬೇಕು ಎನ್ನುವುದು ಬೆರಳಿಗೆ ಗೊತ್ತಾಗಬೇಕು. ಅಳತೆಯನ್ನು ಪಾವು, ಚಟಾಕಿನ ಲೆಕ್ಕದಲ್ಲೇ ಪುಸ್ತಕದಲ್ಲಿ ಬರೆದುಕೋ.

ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಆ ಕತ್ತಲಲ್ಲಿ ಒಬ್ಬಳೇ ಇದ್ದಾಗ ಕೈ ತಾನಾಗಿ ಫೋನಿಗೆ ಹೋಗುತ್ತದೆ. ಆಗ ಕೋಟು ಹಾಕಿಕೊಂಡು ಲೈಬ್ರರಿಗೆ ನಡೆದುಬಿಡು, ಜನರ ನಡುವೆ ಕೂತು ಓದು. ಆದರೂ ಮನಸ್ಸು ಏಳದಿದ್ದರೆ, ದಿನ ಕಳೆದಂತೆ ಕುಸಿಯುತ್ತಲೇ ಹೋದರೆ, ಹಟ ಹಿಡಿಯಬೇಡ. ರಾತ್ರಿ ಎಷ್ಟು ಹೊತ್ತಾದರೂ ನನಗೆ ಫೋನು ಮಾಡು. ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳುವ ಆಪ್ತಸಲಹೆಗಾರರೂ ಅಲ್ಲಿ ಇರುತ್ತಾರೆ, ಸಂಕೋಚವಿಲ್ಲದೆ ಹೋಗು. ನಾನು ಹೇಳಿದ್ದೆಲ್ಲ ನೀನು ಚೆನ್ನಾಗಿರಲಿ ಎಂದು, ನಿನ್ನನ್ನು ಒಂಟಿ ಮಾಡಲಿ ಎಂದಲ್ಲ.

ಇನ್ನು ಅಮ್ಮನ ವಿಡಿಯೋ ಕಾಲು. ದಿನವೂ ಮಾಡಬೇಕು ಎಂದು ಅವಳ ಆಸೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನೀನು ಮಾಡಿದರೆ ಇಲ್ಲಿ ಬೇಸಿಗೆಯಲ್ಲಿ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ. ಊಟ ಮುಗಿಸಿ ಎಲ್ಲರೂ ಹಜಾರದಲ್ಲೇ ಇರುತ್ತೇವೆ. ಒಂದು ಗಂಟೆ ಮನಸಾರೆ ಮಾತಾಡು. ಮಿಕ್ಕ ದಿನ ‘ಚೆನ್ನಾಗಿದ್ದೇನೆ’ ಎಂದು ಒಂದು ಸಾಲು ಹಾಕಿದರೆ ಸಾಕು. ಇದನ್ನು ನೀನು ಹೇಳಿದರೆ ಅವಳು ಬೇಜಾರು ಮಾಡಿಕೊಳ್ಳುತ್ತಾಳೆ, ನಾನೇ ಹೇಳಿ ಒಪ್ಪಿಸುತ್ತೇನೆ. ಅಲ್ಲಿಯ ವಿಳಾಸ ಗಟ್ಟಿಯಾದ ಕೂಡಲೇ ಕಳಿಸು. ಮೊದಲ ಕಾಗದ ನಾನು ಬರೆಯುತ್ತೇನೆ, ನೀನು ಪರೀಕ್ಷೆ ಮುಗಿಸಿಕೊಂಡು ನಿಧಾನಕ್ಕೆ ಉತ್ತರ ಬರಿ.