ಒಬ್ಬರಿಗೆ ಒಂದು: ತುಂಬಿದ ದಪ್ಪ ಮೆಣಸಿನಕಾಯಿ



ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಕಂತು ಬರೆಸಿ, ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಉಳಿಯುವ ಹತ್ತು ನಿಮಿಷದಲ್ಲಿ ನಾವು ಏನು ಮಾತಾಡ್ತೀವಿ? "ರಾತ್ರಿಗೆ ಏನಕ್ಕಾ ಅಡುಗೆ?" ಅಂತಲೇ ಅಲ್ವಾ? ಕೂಲಿ ಕೆಲಸದಿಂದ ಬಂದವರು, ಗಾರ್ಮೆಂಟ್ಸ್‌ನಿಂದ ಬಂದವರು, ಡೈರಿಗೆ ಹಾಲು ಹಾಕಿ ಬಂದವರು ಎಲ್ಲರಿಗೂ ಸಂಜೆ ಏಳು ಗಂಟೆಗೆ ಇದೇ ಚಿಂತೆ. ಬೆಳಗಿನ ಸಾರನ್ನೇ ಬಿಸಿ ಮಾಡಿ ಬಡಿಸಿದರೆ ಮಕ್ಕಳು ಮುಖ ಸಿಂಡರಿಸುತ್ತಾರೆ, ಹೊರಗಿನ ಗೋಬಿ ಮಂಚೂರಿ ಕೇಳುತ್ತಾರೆ.

ಈ ಪಾಠದಲ್ಲಿ ನಾವು ತುಂಬಿದ ದಪ್ಪ ಮೆಣಸಿನಕಾಯಿ ಮಾಡುವುದನ್ನು ಕಲಿಯೋಣ. ಇದನ್ನು ಕೆಲವು ಕಡೆ ದೊಣ್ಣೆ ಮೆಣಸಿನಕಾಯಿ ಅಂತಾರೆ, ಪೇಟೆಯವರು ಕ್ಯಾಪ್ಸಿಕಂ ಅಂತಾರೆ. ಬರೀ ಅಡುಗೆ ಕಲಿಸೋದಕ್ಕೆ ಇಷ್ಟು ದೊಡ್ಡ ಪಾಠ ಯಾಕೆ ಅಂತ ಕೇಳಬಹುದು. ಕಾರಣ ಇದೆ, ಮುಂದೆ ಓದಿ.

ಪಾಠದ ಉದ್ದೇಶಗಳು

1. ಅರ್ಧ ಗಂಟೆಯಲ್ಲಿ, ಕಡಿಮೆ ಎಣ್ಣೆಯಲ್ಲಿ, ಕಾಳು ಸೊಪ್ಪು ಎರಡೂ ಇರುವ ರಾತ್ರಿ ಊಟ ತಯಾರಿಸುವುದು.
2. ಕಾಳು ಸೊಪ್ಪಿನಲ್ಲಿರುವ ಕಬ್ಬಿಣಾಂಶ ನಮ್ಮ ಮೈಗೆ ಹತ್ತುವಂತೆ ಮಾಡುವುದು ಹೇಗೆ ಎಂದು ತಿಳಿಯುವುದು.
3. ಮನೆಯ ಊಟದಲ್ಲಿ ಹೆಂಗಸರ ಪಾಲು ಎಷ್ಟು ಎಂದು ಯೋಚಿಸುವುದು.

ಪ್ರಾತ್ಯಕ್ಷಿಕೆಯಲ್ಲಿ ನಡೆದದ್ದು

ಒಂದು ಸಂಘದಲ್ಲಿ ನಾವು ಈ ಅಡುಗೆಯನ್ನು ಮಾಡಿ ತೋರಿಸಲು ಹೋಗಿದ್ದೆವು. ಮೊದಲನೇ ಸಲ ಕೆಟ್ಟೇ ಹೋಯಿತು. ಹೂರಣ ನೀರು ನೀರಾಗಿತ್ತು, ಉರಿ ದೊಡ್ಡದಿತ್ತು. ಕಾಯಿಯ ಹೊರಗಿನ ಸಿಪ್ಪೆ ಕರಕಲಾಯಿತು, ಒಳಗೆ ಹಸಿ ಹಸಿ. ತಿರುಗಿಸಿ ಹಾಕುವಾಗ ಹೂರಣವೆಲ್ಲ ಬಾಣಲೆ ಪಾಲು! ಅಲ್ಲಿದ್ದ ಹಿರಿಯ ಸದಸ್ಯೆಯೊಬ್ಬರು ನಕ್ಕು, "ಬದನೆಕಾಯಿ ಎಣ್ಣೆಗಾಯಿ ಮಾಡೋ ಹಾಗೆ ಸಣ್ಣ ಉರೀಲಿ ಮುಚ್ಚಿ ಬೇಯಿಸ್ಬೇಕು ಕಣ್ರಮ್ಮ. ನೀವು ಬಜ್ಜಿ ಕರಿಯೋ ಉರಿ ಇಟ್ಟಿದ್ದೀರಿ" ಎಂದರು. ಕಲಿಸಲು ಹೋದ ನಾವು ಕಲಿತು ಬಂದೆವು. ಎರಡನೇ ಸಲ ಅವರು ಹೇಳಿದ ಹಾಗೆ ಮಾಡಿದಾಗ ಚೆನ್ನಾಗಿ ಬಂತು.

ಎಲ್ಲರಿಗೂ ಒಂದೊಂದು ಕೊಟ್ಟೆವು. ಒಬ್ಬ ತಂಗಿ ಮಾತ್ರ ತಿನ್ನದೆ ತನ್ನದನ್ನು ಡಬ್ಬಿಗೆ ಹಾಕಿಕೊಂಡಳು. "ಯಾಕಮ್ಮಾ, ಸೇರಲ್ವಾ?" ಎಂದು ಕೇಳಿದೆವು. "ಹಂಗಲ್ಲ ಅಕ್ಕಾ, ಮಗನಿಗೆ ತಗೊಂಡು ಹೋಗ್ತೀನಿ. ಮನೇಲಿ ಎಲ್ಲರದ್ದೂ ಊಟ ಆದ್ಮೇಲೆ ತಳದಲ್ಲಿ ಉಳಿದದ್ದು ಉಣ್ಣೋಳು ನಾನು. ನನ್ನ ಪಾಲು ಅಂತ ಇಟ್ಟುಕೊಂಡು ತಿಂದು ಅಭ್ಯಾಸ ಇಲ್ಲ" ಎಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ "ನಮ್ಮನೇಲೂ ಹಂಗೇ" ಎಂದರು.

ಅವತ್ತು ನಮಗೆ ಹೊಳೆದದ್ದು ಇಷ್ಟು. ಸಾರು, ಪಲ್ಯ ಅಳತೆಗೆ ಸಿಗುವುದಿಲ್ಲ. ಗಂಡಸರಿಗೆ ಮಕ್ಕಳಿಗೆ ಬಡಿಸಿ, ಕೊನೆಗೆ ಪಾತ್ರೆಯಲ್ಲಿ ಕಾಳೆಲ್ಲ ಖಾಲಿಯಾಗಿ ತಿಳಿ ಮಾತ್ರ ಉಳಿದರೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ತುಂಬಿದ ಕಾಯಿಯನ್ನು ಎಣಿಸಿ ಮಾಡುತ್ತೇವೆ. ಮನೆಯಲ್ಲಿ ಐದು ಜನ ಇದ್ದರೆ ಐದು ಕಾಯಿ. ಅದರಲ್ಲಿ ಐದನೆಯದು ನಿಮ್ಮದು. ಅದನ್ನು ಬೇರೆಯವರು ತಿಂದರೆ ನಿಮ್ಮ ತಟ್ಟೆ ಖಾಲಿ ಎನ್ನುವುದು ಮನೆಯವರಿಗೆಲ್ಲ ಕಾಣುತ್ತದೆ.

ರಕ್ತಹೀನತೆ ಮತ್ತು ನಮ್ಮ ಊಟ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇತ್ತು. ಅಂದರೆ 20 ಜನರ ಒಂದು ಸಂಘದಲ್ಲಿ ಒಂಬತ್ತು ಹತ್ತು ಮಂದಿ! ಗರ್ಭಿಣಿ ಅಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಸುಸ್ತು, ತಲೆಸುತ್ತು, ಸ್ವಲ್ಪ ದೂರ ನಡೆದರೂ ಏದುಸಿರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು ಇವು ಅದರ ಲಕ್ಷಣಗಳು. "ಕೆಲಸ ಜಾಸ್ತಿ, ಅದಕ್ಕೇ ಸುಸ್ತು" ಎಂದುಕೊಂಡು ನಾವು ಸುಮ್ಮನಾಗುತ್ತೇವೆ.

ಇದಕ್ಕೆ ಕಾರಣ ಹಲವು. ಅದರಲ್ಲಿ ಒಂದು, ಊಟದಲ್ಲಿ ಕಬ್ಬಿಣಾಂಶ ಸಾಲದೇ ಇರುವುದು. ಇನ್ನೊಂದು, ತಿಂದ ಕಬ್ಬಿಣಾಂಶ ಮೈಗೆ ಹತ್ತದೇ ಇರುವುದು. ಕಾಳು, ಸೊಪ್ಪು, ರಾಗಿಯಲ್ಲಿ ಕಬ್ಬಿಣಾಂಶ ಇದೆ. ಆದರೆ ಮಾಂಸ ಮೀನಿನಲ್ಲಿ ಇರುವುದರಷ್ಟು ಸುಲಭವಾಗಿ ಇದು ರಕ್ತಕ್ಕೆ ಸೇರುವುದಿಲ್ಲ. ಅದೇ ಊಟದಲ್ಲಿ 'ಸಿ' ಜೀವಸತ್ವ ಇದ್ದರೆ ಹೆಚ್ಚು ಸೇರುತ್ತದೆ. ಊಟದ ಜೊತೆಯಲ್ಲೇ ಟೀ, ಕಾಫಿ ಕುಡಿದರೆ ಕಡಿಮೆ ಸೇರುತ್ತದೆ.

ಈ ಕಾಯಿಯಲ್ಲಿ ಏನಿದೆ?

ಮೆಣಸಿನಕಾಯಿ ಜಾತಿಯ ಗಿಡಗಳೆಲ್ಲ ಅಮೆರಿಕ ಖಂಡದಿಂದ ಬಂದವು. ಸುಮಾರು ಐನೂರು ವರ್ಷಗಳ ಹಿಂದೆ ಪೋರ್ಚುಗೀಸರು ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದರು. ಅದರ ಬಳಗದ್ದೇ ದಪ್ಪ ಮೆಣಸಿನಕಾಯಿ. ಇದರಲ್ಲಿ ಖಾರದ ಅಂಶ ಇಲ್ಲದ್ದರಿಂದ ಮಕ್ಕಳೂ ತಿನ್ನಬಹುದು. ಈಗ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಪಾಲಿಹೌಸ್‌ಗಳಲ್ಲೂ ಬೆಳೆಯುತ್ತಾರೆ. ಅಂಥ ಕೆಂಪು, ಹಳದಿ ಕಾಯಿ ನಮಗೆ ಬೇಡ, ದುಬಾರಿ. ಸಂತೆಯಲ್ಲಿ ಸಿಗುವ ಹಸಿರು ಕಾಯಿಯೇ ಸಾಕು. 100 ಗ್ರಾಂ ಹಸಿರು ಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ 'ಸಿ' ಜೀವಸತ್ವ ಇದೆ. ಅಷ್ಟೇ ತೂಕದ ಕಿತ್ತಳೆ ಹಣ್ಣಿನಲ್ಲಿ ಇರುವುದಕ್ಕಿಂತ ಇದು ಹೆಚ್ಚು.

ಆದರೆ ಈ ಜೀವಸತ್ವ ನೀರಿನಲ್ಲಿ ಕರಗುತ್ತದೆ, ಹೆಚ್ಚು ಹೊತ್ತು ಬೇಯಿಸಿದರೆ ನಾಶವಾಗುತ್ತದೆ. ಆದ್ದರಿಂದ ಕಾಯಿಯನ್ನು ನೀರಿನಲ್ಲಿ ಕುದಿಸಿ ಬಸಿಯಬಾರದು. ಮುಚ್ಚಿಟ್ಟು, ಚಿಮುಕಿಸಿದ ನೀರಿನ ಹಬೆಯಲ್ಲೇ ಬೇಯಿಸಬೇಕು. ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಬೇಕು.

ಬೇಕಾಗುವ ಸಾಮಗ್ರಿ (ಐದು ಜನರಿಗೆ)

- ದಪ್ಪ ಮೆಣಸಿನಕಾಯಿ, ಮಧ್ಯಮ ಗಾತ್ರದ್ದು: 5 (ಸುಮಾರು ಅರ್ಧ ಕೆ.ಜಿ.)
- ಹೆಸರುಕಾಳು: ಅರ್ಧ ಲೋಟ (ಮೊಳಕೆ ಕಟ್ಟಿದ್ದು)
- ಆಲೂಗಡ್ಡೆ: 2
- ನುಗ್ಗೆಸೊಪ್ಪು ಅಥವಾ ಮೆಂತ್ಯದ ಸೊಪ್ಪು: 1 ದೊಡ್ಡ ಹಿಡಿ
- ಈರುಳ್ಳಿ: 1
- ಹುರಿದ ಕಡಲೆಕಾಯಿ ಬೀಜದ ತರಿಪುಡಿ: 4 ದೊಡ್ಡ ಚಮಚ
- ಹುರಿಗಡಲೆ ಪುಡಿ: 2 ದೊಡ್ಡ ಚಮಚ
- ಶುಂಠಿ, ಬೆಳ್ಳುಳ್ಳಿ ಜಜ್ಜಿದ್ದು: 1 ಸಣ್ಣ ಚಮಚ
- ಸಾರಿನ ಪುಡಿ: 2 ಸಣ್ಣ ಚಮಚ
- ಅರಿಶಿನ, ಸಾಸಿವೆ, ಕೊತ್ತಂಬರಿ ಸೊಪ್ಪು: ಸ್ವಲ್ಪ
- ಉಪ್ಪು: ರುಚಿಗೆ ತಕ್ಕಷ್ಟು
- ಎಣ್ಣೆ: 4 ಸಣ್ಣ ಚಮಚ
- ನಿಂಬೆಹಣ್ಣು: ಅರ್ಧ

ಮೊದಲೇ ಮಾಡಿಟ್ಟುಕೊಳ್ಳುವುದು

ಹಿಂದಿನ ದಿನ ಬೆಳಿಗ್ಗೆ ಹೆಸರುಕಾಳು ನೆನೆಹಾಕಿ. ರಾತ್ರಿ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮಾರನೇ ದಿನ ಸಂಜೆಗೆ ಮೊಳಕೆ ಬಂದಿರುತ್ತದೆ. ಬೆಳಿಗ್ಗೆ ಅನ್ನಕ್ಕೆ ಇಡುವಾಗಲೇ ಆಲೂಗಡ್ಡೆ ಬೇಯಿಸಿ ಇಟ್ಟುಕೊಳ್ಳಿ. ಕಡಲೆಕಾಯಿ ಬೀಜದ ಪುಡಿಯನ್ನು ವಾರಕ್ಕೆ ಆಗುವಷ್ಟು ಮಾಡಿ ಡಬ್ಬಿಗೆ ತುಂಬಿಡಿ. ಇಷ್ಟಾದರೆ ಸಂಜೆ ಕೆಲಸ ಅರ್ಧ ಗಂಟೆಯದ್ದು.

ಮಾಡುವ ವಿಧಾನ

1. ಕಾಯಿಗಳನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ತೊಟ್ಟಿನ ಸುತ್ತ ಇರುವ ತಗ್ಗಿನಲ್ಲಿ ಧೂಳು, ಔಷಧಿ ನಿಂತಿರುತ್ತದೆ. ಅಲ್ಲಿ ಬೆರಳು ಹಾಕಿ ಚೆನ್ನಾಗಿ ತೊಳೆಯಿರಿ.

2. ತೊಟ್ಟಿನ ಭಾಗವನ್ನು ಮುಚ್ಚಳದ ಹಾಗೆ ಕತ್ತರಿಸಿ ಇಟ್ಟುಕೊಳ್ಳಿ. ಒಳಗಿನ ಬೀಜ, ಬಿಳಿ ತಿರುಳು ತೆಗೆದು, ಒಳಗೆಲ್ಲ ಚಿಟಿಕೆ ಉಪ್ಪು ಸವರಿ ಬೋರಲು ಹಾಕಿ.

3. ಮೊಳಕೆ ಕಾಳಿಗೆ ಸ್ವಲ್ಪವೇ ನೀರು ಹಾಕಿ, ಮುಚ್ಚಿ, ಮೆತ್ತಗಾಗುವ ತನಕ ಬೇಯಿಸಿ. ನೀರು ಪೂರ್ತಿ ಇಂಗಬೇಕು.

4. ಬಾಣಲೆಗೆ 2 ಸಣ್ಣ ಚಮಚ ಎಣ್ಣೆ ಹಾಕಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿಸಿ. ಸೊಪ್ಪು ಹಾಕಿ ಅದರ ನೀರು ಆರುವವರೆಗೆ ಹುರಿಯಿರಿ. ಅರಿಶಿನ, ಸಾರಿನ ಪುಡಿ, ಉಪ್ಪು, ಬೆಂದ ಕಾಳು, ಕಿವುಚಿದ ಆಲೂಗಡ್ಡೆ ಸೇರಿಸಿ. ಒಲೆಯಿಂದ ಇಳಿಸಿ ಕಡಲೆಕಾಯಿ ಬೀಜದ ಪುಡಿ, ಹುರಿಗಡಲೆ ಪುಡಿ ಕಲಸಿ. ಹೂರಣ ಉಂಡೆ ಕಟ್ಟುವ ಹದಕ್ಕೆ ಬರಬೇಕು. ನೀರಾಗಿದ್ದರೆ ಇನ್ನೊಂದು ಚಮಚ ಹುರಿಗಡಲೆ ಪುಡಿ ಹಾಕಿ.

5. ಕಾಯಿಗಳಿಗೆ ಹೂರಣ ಒತ್ತಿ ತುಂಬಿ, ಮುಚ್ಚಳ ಇಡಿ. ಉಳಿದ ಹೂರಣ ಪಲ್ಯಕ್ಕಾಯಿತು.

6. ದಪ್ಪ ತಳದ ಪಾತ್ರೆಯಲ್ಲಿ ಉಳಿದ 2 ಸಣ್ಣ ಚಮಚ ಎಣ್ಣೆ ಬಿಸಿ ಮಾಡಿ ಸಾಸಿವೆ ಸಿಡಿಸಿ. ಕಾಯಿಗಳನ್ನು ಒಂದಕ್ಕೊಂದು ಒತ್ತಿಕೊಂಡು ನಿಲ್ಲುವಂತೆ ಜೋಡಿಸಿ. ಸುತ್ತ ಮೂರು ದೊಡ್ಡ ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿ. ನಡುವೆ ಒಮ್ಮೆ ನೋಡಿ, ತಳ ಹಿಡಿಯುವಂತಿದ್ದರೆ ಇನ್ನಷ್ಟು ನೀರು ಚಿಮುಕಿಸಿ.

7. ಚಾಕುವಿನ ತುದಿ ಕಾಯಿಯೊಳಗೆ ಸಲೀಸಾಗಿ ಇಳಿದರೆ ಬೆಂದಿದೆ ಎಂದರ್ಥ. ಒಲೆ ಆರಿಸಿ, ನಿಂಬೆರಸ ಹಿಂಡಿ, ಕೊತ್ತಂಬರಿ ಸೊಪ್ಪು ಉದುರಿಸಿ.

ಚಪಾತಿ, ರಾಗಿ ರೊಟ್ಟಿ, ಜೋಳದ ರೊಟ್ಟಿ ಯಾವುದಕ್ಕಾದರೂ ಹೊಂದುತ್ತದೆ. ಅನ್ನ, ತಿಳಿಸಾರಿನ ಜೊತೆ ನಂಚಿಕೊಳ್ಳಲೂ ಆಗುತ್ತದೆ. ತಡವಾಗಿದ್ದರೆ ಕಾಯಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ ತುಂಬಿ, ಬೇಗ ಬೇಯುತ್ತದೆ. ಆಗ ಒಬ್ಬರಿಗೆ ಎರಡು ಹೋಳು.

ಅವರವರ ಮನೆಗೆ ತಕ್ಕಂತೆ

- ಮೊಟ್ಟೆ ತಿನ್ನುವವರು ಒಂದು ಆಲೂಗಡ್ಡೆ ಬದಲು ಎರಡು ಬೇಯಿಸಿದ ಮೊಟ್ಟೆ ಪುಡಿ ಮಾಡಿ ಸೇರಿಸಬಹುದು.
- ಸಕ್ಕರೆ ಕಾಯಿಲೆ ಇರುವವರಿಗೆ ಆಲೂಗಡ್ಡೆ ಕಡಿಮೆ ಮಾಡಿ ಕಾಳು, ಸೊಪ್ಪು ಹೆಚ್ಚು ಮಾಡಿ.
- ಹೆಸರುಕಾಳು ಇಲ್ಲದಿದ್ದರೆ ಹುರುಳಿ, ಅಲಸಂದೆ ಯಾವುದಾದರೂ ಆದೀತು.
- ದಪ್ಪ ಮೆಣಸಿನಕಾಯಿ ಬೆಲೆ ಏರಿದ ವಾರ ಇದೇ ಹೂರಣವನ್ನು ಬದನೆಕಾಯಿಗೆ ತುಂಬಿ, ನಿಂಬೆರಸ ಮರೆಯಬೇಡಿ. ಎಣಿಕೆ ಮಾತ್ರ ತಪ್ಪಬಾರದು.
- ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಹಸಿ ಮೊಳಕೆ ಕಾಳು ಕೊಡಬೇಡಿ, ಬೇಯಿಸಿಯೇ ಕೊಡಿ.

ಖರ್ಚಿನ ಲೆಕ್ಕ

ಸಂಘದಲ್ಲಿ ನಾವು ಪೈಸೆ ಪೈಸೆಗೂ ಲೆಕ್ಕ ಇಡುವವರು. ಇದಕ್ಕೂ ಇಡೋಣ. ಈ ಸಲದ ಸಂತೆಯಲ್ಲಿ ಅರ್ಧ ಕೆ.ಜಿ. ಕಾಯಿಗೆ, ಅರ್ಧ ಲೋಟ ಕಾಳಿಗೆ, ಉಳಿದ ಸಾಮಾನಿಗೆ ಎಷ್ಟಾಯಿತು ಎಂದು ಬರೆದುಕೊಳ್ಳಿ. ಪಕ್ಕದಲ್ಲೇ ಒಂದು ಸಂಜೆ ಮಕ್ಕಳಿಗೆ ತರಿಸುವ ಗೋಬಿ ಮಂಚೂರಿಯ ಖರ್ಚು ಬರೆಯಿರಿ. ಅದಕ್ಕೆ ಹಾಕುವ ಕೃತಕ ಬಣ್ಣದಿಂದ ಹಾನಿ ಎಂದೇ ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಅಂಥ ಬಣ್ಣ ಬಳಸುವುದನ್ನು ನಿಷೇಧಿಸಿತು. ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ಮನೆಯವರಿಗೂ ತೋರಿಸಿ.

ಗಮನಿಸಿ

ಇದು ಊಟ, ಔಷಧಿಯಲ್ಲ. ರಕ್ತಹೀನತೆ ಇದ್ದವರು ಈ ಅಡುಗೆ ತಿಂದೆ ಎಂದು ಮಾತ್ರೆ ಬಿಡಬಾರದು. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುತ್ತಾರೆ. ಸುಸ್ತು, ಏದುಸಿರು ಇದ್ದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಊಟವಾದ ಮೇಲೆ ಕನಿಷ್ಠ ಒಂದು ಗಂಟೆ ಟೀ, ಕಾಫಿ ಬೇಡ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು? ಆಗ ಪಾತ್ರೆಯಲ್ಲಿ ಏನು ಉಳಿದಿರುತ್ತದೆ?
2. ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಿಗೂ ನಾವು ಒಂದೇ ಅಳತೆಯಲ್ಲಿ ಬಡಿಸುತ್ತೇವೆಯೇ?
3. ನಮ್ಮ ಸಂಘದಲ್ಲಿ ಎಷ್ಟು ಜನ ಈ ವರ್ಷ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದ್ದಾರೆ?

ಈ ವಾರದ ಕೆಲಸ

ಪ್ರತಿಯೊಬ್ಬರೂ ಒಂದು ರಾತ್ರಿ ಈ ಅಡುಗೆ ಮಾಡಿ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಕಾಯಿ. ಎಲ್ಲರ ತಟ್ಟೆ ಹಾಕುವಾಗ ನಿಮ್ಮ ತಟ್ಟೆಯನ್ನೂ ಹಾಕಿ, ನಿಮ್ಮ ಕಾಯಿಯನ್ನು ಮೊದಲೇ ಬಡಿಸಿಕೊಂಡು ಜೊತೆಯಲ್ಲೇ ಕುಳಿತು ಊಟ ಮಾಡಿ. "ಇದೇನು ಹೊಸದು?" ಎಂದು ಯಾರಾದರೂ ಕೇಳಿದರೆ ಜಗಳ ಬೇಡ. "ಎಣಿಸಿ ಮಾಡಿದ್ದೀನಿ, ಒಬ್ಬರಿಗೆ ಒಂದು" ಎನ್ನಿ, ಅಷ್ಟು ಸಾಕು.

ಅವತ್ತು ಡಬ್ಬಿಗೆ ಹಾಕಿಕೊಂಡ ಆ ತಂಗಿ ಮುಂದಿನ ಸಭೆಗೆ ಬಂದಾಗ ಕೇಳಿದೆವು. "ಆರು ಮಾಡಿದ್ದೆ ಅಕ್ಕಾ, ಆರು ಜನ. ಅತ್ತೆ ಎಣಿಸಿ ನೋಡಿ, ನಿಂದು ಇಲ್ಲೇ ಇದೆ, ಬಾ ಕೂತ್ಕೋ ಅಂದ್ರು" ಎಂದಳು. ನಿಮ್ಮ ಮನೆಯಲ್ಲಿ ಏನಾಯಿತು? ಮುಂದಿನ ಸಭೆಯಲ್ಲಿ ಹೇಳಿ, ನಾವು ಕೇಳಲು ಕಾದಿರುತ್ತೇವೆ.