ವಿಶೇಷ ಆರೈಕೆ ಬೇಕಾದ ಮಕ್ಕಳಿಗೆ ವೈದ್ಯ ಸಹಾಯವನ್ನು ದೊರಕಿಸುವ ವಿಷಯವು

ಬೇರೆ ಮಕ್ಕಳಂತೆ ನಡೆಯದೆ, ಮಾತಾಡದೆ, ಇಲ್ಲವೆ ಕಲಿಯದೆ ಇರುವ ಮಗುವು ಕೆಲವು ಮನೆಗಳಲ್ಲಿರುವದನ್ನು ನಾವೆಲ್ಲರೂ ಬಲ್ಲೆವು. ಇಂಥಾ ಮಗುವಿನ ತಂದೆತಾಯಿಗಳು ಮೊದಲು ತಾಯಿತ ಕಟ್ಟಿಸಿ, ಆಮೇಲೆ ಪಟ್ಟಣದ ಆಸ್ಪತ್ರೆಗಳಲ್ಲಿ ಹಣವನ್ನು ಕಳೆದು, ಕಡೆಗೆ ಸಾಲಗಾರರಾಗಿ ಕೈಚೆಲ್ಲಿ ಕೂತುಕೊಳ್ಳುವದುಂಟು. ಇವರಿಗೋಸ್ಕರ ಸರಕಾರದಿಂದ ನೇಮಕವಾದ ಸಹಾಯವು ಇದ್ದೇ ಇದೆ. ಆದರೆ ಅದು ತಾನಾಗಿ ಮನೆಯ ಬಾಗಿಲಿಗೆ ಬರುವದಿಲ್ಲ. ಯಾವ ಸಹಾಯವು ಯಾತಕ್ಕೆ ಸಲ್ಲುತ್ತದೆ, ಅದನ್ನು ಪಡೆಯುವ ದಾರಿ ಯಾವದು, ನೆರೆಯವರಾದ ನಾವು ಏನು ಮಾಡಬಹುದು ಎಂಬದನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

೧. ಬೇಗನೆ ಗುರುತಿಸತಕ್ಕದ್ದು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯು ಬುದ್ಧಿಗೆ ಮಾತ್ರವಲ್ಲ, ಮಗುವಿನ ಕೈಕಾಲುಗಳಿಗೂ ಸಲ್ಲುತ್ತದೆ. ಸೆರೆಬ್ರಲ್ ಪಾಲ್ಸಿ ಎಂಬ ಮಿದುಳಿನ ತೊಂದರೆಯುಳ್ಳ ಮಗುವಿಗೆ ಎಳೆಯ ಪ್ರಾಯದಿಂದ ಅಂಗಸಾಧನೆಯನ್ನು ಮಾಡಿಸುತ್ತಾ ಬಂದರೆ ಅದು ತನ್ನ ಶಕ್ತಿಗೆ ತಕ್ಕಷ್ಟು ಕೂತುಕೊಳ್ಳುವದನ್ನೂ ನಿಲ್ಲುವದನ್ನೂ ಕಲಿಯಬಹುದು. ಮಾಡಿಸದೆ ಬಿಟ್ಟರೆ ಸ್ನಾಯುಗಳು ಬಿಗಿದು, ಕೀಲುಗಳು ಮಡಚಿಕೊಂಡೇ ನಿಂತು, ಮುಂದೆ ಬಟ್ಟೆ ತೊಡಿಸುವದೂ ಸ್ನಾನ ಮಾಡಿಸುವದೂ ಕಷ್ಟವಾಗುವದು. ಆದದರಿಂದ ತಡಮಾಡುವದು ನಷ್ಟವೇ.

ಒಂಭತ್ತು ತಿಂಗಳಾದರೂ ಆಧಾರವಿಲ್ಲದೆ ಕೂತುಕೊಳ್ಳದ, ವರುಷವಾದರೂ ಹೆಸರು ಕರೆದಾಗ ತಿರುಗಿ ನೋಡದ, ಒಂದೂವರೆ ವರುಷವಾದರೂ ನಡೆಯದ ಮಗುವನ್ನು ವೈದ್ಯರಿಗೆ ತೋರಿಸತಕ್ಕದ್ದು. ೨೦೧೩ನೇ ವರುಷದಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಹುಟ್ಟಿದಂದಿನಿಂದ ೧೮ ವರುಷದ ವರೆಗಿನ ಮಕ್ಕಳನ್ನು ಪರೀಕ್ಷಿಸುವ ವೈದ್ಯರ ತಂಡಗಳು ನೇಮಕವಾಗಿವೆ. ಇವು ಅಂಗನವಾಡಿಗಳಿಗೆ ವರುಷಕ್ಕೆ ಎರಡು ಸಾರಿಯೂ, ಸರಕಾರಿ ಮತ್ತು ಅನುದಾನ ಹೊಂದಿದ ಶಾಲೆಗಳಿಗೆ ಒಂದು ಸಾರಿಯೂ ಬರತಕ್ಕವುಗಳು. ಹುಟ್ಟು ದೋಷ, ಪೋಷಣೆಯ ಕೊರತೆ, ರೋಗ, ಬೆಳವಣಿಗೆಯ ತಡ ಎಂಬ ನಾಲ್ಕು ತರಗಳನ್ನು ನೋಡಿ, ತೊಂದರೆ ಕಂಡುಬಂದ ಮಗುವನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತಾರೆ. ಮುಂದಿನ ಚಿಕಿತ್ಸೆಗೂ ಹಣ ಕೇಳುವದಿಲ್ಲ. ಆದರೆ ತಂಡವು ಬರುವ ದಿವಸ ತಾಯಿಯು ನಾಚಿಕೆಯಿಂದ ಮಗುವನ್ನು ಮನೆಯಲ್ಲೇ ಮರೆಮಾಡಿದರೆ ಯಾರು ನೋಡುವರು? ಈ ತೊಂದರೆಯು ತಾಯಿಯ ದೋಷವಲ್ಲ, ಮನೆತನಕ್ಕೆ ತಗಲಿದ ಶಾಪವೂ ಅಲ್ಲ, ಅಂಟುರೋಗವೂ ಅಲ್ಲ. ಹೆರಿಗೆಯ ವೇಳೆಯಲ್ಲಿ ಕೂಸಿನ ಮಿದುಳಿಗೆ ಪ್ರಾಣವಾಯು ಸಾಲದೆ ಹೋಗುವದೂ, ಹುಟ್ಟಿದ ಮೇಲೆ ಕಾಮಾಲೆಯು ಮಿತಿಮೀರಿ ಏರುವದೂ ಇದಕ್ಕೆ ಕಾರಣಗಳಾಗಬಹುದು.

೨. ಗುರುತಿನ ಚೀಟಿಯೇ ಬೀಗದ ಕೈ

೨೦೧೬ನೇ ವರುಷದ ವಿಕಲಚೇತನರ ಹಕ್ಕುಗಳ ಕಾನೂನು ೨೧ ವಿಧವಾದ ಅಂಗವೈಕಲ್ಯಗಳನ್ನು ಒಪ್ಪಿಕೊಂಡಿದೆ. ಇವುಗಳಲ್ಲಿ ಯಾವದಾದರೂ ಇದ್ದದ್ದೇ ಆದರೆ ಸರಕಾರಿ ವೈದ್ಯಾಧಿಕಾರಿಗಳು ಪರೀಕ್ಷಿಸಿ ಪ್ರಮಾಣಪತ್ರವನ್ನೂ, ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿಯನ್ನೂ ಕೊಡುತ್ತಾರೆ. ನೂರಕ್ಕೆ ನಾಲ್ವತ್ತು ಅಥವಾ ಅದಕ್ಕೆ ಮೇಲ್ಪಟ್ಟು ವೈಕಲ್ಯವಿದೆಯೆಂದು ಬರೆದಿದ್ದರೆ ಅನೇಕ ಸೌಲಭ್ಯಗಳು ದೊರೆಯುವವು.

ಇಲ್ಲಿ ಎರಡು ಮಾತುಗಳನ್ನು ನೆನಪಿನಲ್ಲಿಡಬೇಕು. ಮೊದಲನೇದು, ಈ ಚೀಟಿಯು ತಾನೇ ವಿಮೆಯಲ್ಲ. ಅದು ಬಾಗಿಲು ತೆರೆಯುವ ಬೀಗದ ಕೈ ಮಾತ್ರ. ಚೀಟಿ ಬಂತೆಂದು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾದವರು ಅನೇಕರು. ಎರಡನೇದು, ಬೆಳೆಯುವ ಮಗುವಿನ ಸ್ಥಿತಿಯು ಬದಲಾಗುವದರಿಂದ ಕೆಲವು ಪ್ರಮಾಣಪತ್ರಗಳನ್ನು ಗೊತ್ತಾದ ಅವಧಿಗೆ ಮಾತ್ರ ಕೊಡುತ್ತಾರೆ. ಅವಧಿ ತೀರುವ ತಾರೀಖನ್ನು ನೋಡಿಕೊಂಡು, ಅದಕ್ಕಿಂತ ಮುಂಚೆಯೇ ಮರುಪರೀಕ್ಷೆ ಮಾಡಿಸತಕ್ಕದ್ದು.

೩. ಎರಡು ತರದ ಸಹಾಯ

ಮಗುವಿನ ವೈದ್ಯದ ವೆಚ್ಚವು ಎರಡು ತರವಾಗಿರುತ್ತದೆ. ಶಸ್ತ್ರಚಿಕಿತ್ಸೆಗೋಸ್ಕರ ಇಲ್ಲವೆ ಕಠಿಣ ರೋಗದ ನಿಮಿತ್ತ ಆಸ್ಪತ್ರೆಯಲ್ಲಿ ಮಲಗಿಸುವದರಿಂದ ಒಮ್ಮೆಲೇ ಬರುವ ದೊಡ್ಡ ವೆಚ್ಚವು ಒಂದು. ಗುಳಿಗೆ, ಅಂಗಸಾಧನೆ, ಮಾತಿನ ತರಬೇತಿ, ಬಸ್ಸಿನ ಖರ್ಚು ಎಂದು ದಿನೇ ದಿನೇ ಸೋರುವ ಚಿಕ್ಕ ವೆಚ್ಚವು ಇನ್ನೊಂದು. ದೊಡ್ಡ ವೆಚ್ಚಕ್ಕೆ ಎಲ್ಲರೂ ಅಂಜುತ್ತಾರೆ. ಆದರೆ ಹನಿಹನಿಯಾಗಿ ಸೋರುವ ವೆಚ್ಚವೇ ಎಷ್ಟೋ ಮನೆಗಳನ್ನು ಸಾಲಕ್ಕೆ ತಂದು, ಚಿಕಿತ್ಸೆಯನ್ನು ನಡುವೆ ನಿಲ್ಲಿಸಿಬಿಡುತ್ತದೆ.

ಆಸ್ಪತ್ರೆಯ ದೊಡ್ಡ ವೆಚ್ಚಕ್ಕೆ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಏರ್ಪಾಡು ೨೦೧೮ನೇ ವರುಷದಿಂದ ಇದೆ. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರುಷಕ್ಕೆ ೫ ಲಕ್ಷ ರೂಪಾಯಿಗಳ ವರೆಗೆ ಇದು ಸಲ್ಲುತ್ತದೆ. ಸಾಮಾನ್ಯವಾಗಿ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಬೇರೆ ಆಸ್ಪತ್ರೆಗೆ ಬರೆದು ಕೊಡುತ್ತಾರೆ. ಪಡಿತರ ಚೀಟಿಯಲ್ಲಿ ಈ ಮಗುವಿನ ಹೆಸರು ಸೇರಿದೆಯೋ ಎಂದು ಇಂದೇ ನೋಡಿರಿ. ಹೆಸರು ಬಿಟ್ಟುಹೋಗಿದೆಯೆಂಬದು ಆಸ್ಪತ್ರೆಯ ಬಾಗಿಲಲ್ಲಿ ತಿಳಿದುಬಂದರೆ ಬಹಳ ಸಂಕಟವಾಗುವದು.

ದಿನದಿನದ ವೆಚ್ಚಕ್ಕೆ ಬೇರೊಂದು ಏರ್ಪಾಡುಂಟು. ಇದನ್ನು ಬಲ್ಲವರು ಹಳ್ಳಿಗಳಲ್ಲಿ ಕಡಿಮೆ. ೧೯೯೯ನೇ ವರುಷದ ಕಾನೂನಿನಿಂದ ಉಂಟಾದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯವರು ನಿರಾಮಯ ಎಂಬ ಆರೋಗ್ಯ ವಿಮೆಯನ್ನು ನಡಿಸುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಎಂಬ ನಾಲ್ಕಕ್ಕೇ ಇದು ಸಲ್ಲುವದು. ಕುರುಡುತನ ಮಾತ್ರ, ಇಲ್ಲವೆ ಕಿವುಡುತನ ಮಾತ್ರ ಇದ್ದರೆ ಸಲ್ಲುವದಿಲ್ಲ. ವರುಷಕ್ಕೆ ೧ ಲಕ್ಷ ರೂಪಾಯಿಗಳ ವರೆಗೆ ದೊರೆಯುವದು. ಒಂದೊಂದು ತರದ ವೆಚ್ಚಕ್ಕೆ ಅದರೊಳಗೆ ಬೇರೆ ಬೇರೆ ಮಿತಿ ಉಂಟು. ಬಿ.ಪಿ.ಎಲ್. ಕುಟುಂಬದವರು ಸೇರುವಾಗ ೨೫೦ ರೂಪಾಯಿ, ವರುಷ ವರುಷ ನವೀಕರಿಸುವಾಗ ೫೦ ರೂಪಾಯಿ ಕೊಡುವರು. ಮಿಕ್ಕವರಿಗೆ ಇದು ೫೦೦ ಮತ್ತು ೨೫೦.

ಬೇರೆ ವಿಮೆಗಳಿಗೂ ಇದಕ್ಕೂ ಇರುವ ಭೇದವನ್ನು ಗಮನಿಸಿರಿ. ವಿಮೆಗೆ ಮುಂಚೆ ವೈದ್ಯ ಪರೀಕ್ಷೆಯಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಆಸ್ಪತ್ರೆಯಲ್ಲಿ ಮಲಗದೆ ಹೊರಗಿನಿಂದ ಪಡೆಯುವ ಔಷಧಕ್ಕೂ, ರಕ್ತಪರೀಕ್ಷೆಗಳಿಗೂ, ಅಂಗಸಾಧನೆಗೂ, ಮಾತಿನ ತರಬೇತಿಗೂ, ಹೋಗಿಬರುವ ಖರ್ಚಿಗೂ ಗೊತ್ತಾದ ಮಿತಿಯೊಳಗೆ ಹಣವು ಬರುವದು. ಆದರೆ ಮೊದಲು ನಾವೇ ವೆಚ್ಚಮಾಡಿ, ಆಮೇಲೆ ಚೀಟಿಗಳನ್ನು ಕಳುಹಿಸಿ ಕೇಳಿಕೊಳ್ಳಬೇಕು. ಆದಕಾರಣ ವೈದ್ಯರು ಬರೆದುಕೊಟ್ಟ ಚೀಟಿ, ಔಷಧದಂಗಡಿಯ ಬಿಲ್ಲು, ತರಬೇತಿಯ ರಶೀದಿ ಇವುಗಳ ಮೂಲಪ್ರತಿಗಳನ್ನು ತಾರೀಖಿನ ಕ್ರಮದಲ್ಲಿ ಒಂದು ಚೀಲದಲ್ಲಿಟ್ಟು, ತಡಮಾಡದೆ ಕಳುಹಿಸತಕ್ಕದ್ದು. ಬಿಲ್ಲು ಇಲ್ಲದ ವೆಚ್ಚಕ್ಕೆ ಹಣವಿಲ್ಲ. ವಿಮೆಯ ವರುಷವು ಮಾರ್ಚ್ ೩೧ಕ್ಕೆ ಮುಗಿಯುವದು; ಅದಕ್ಕೆ ಮುಂಚೆ ನವೀಕರಿಸದಿದ್ದರೆ, ೫೦ ರೂಪಾಯಿಯ ಅಲಕ್ಷ್ಯದಿಂದ ದೊಡ್ಡ ಸಹಾಯವು ತಪ್ಪಿಹೋದೀತು.

೪. ನೆರೆಯವರ ಕೆಲಸ

ನಿದರ್ಶನಕ್ಕೋಸ್ಕರ ಒಂದು ಮನೆಯನ್ನು ಎಣಿಸಿಕೊಳ್ಳೋಣ. ತಂದೆತಾಯಿಗಳಿಬ್ಬರೂ ಕೂಲಿಯವರು, ಆರು ವರುಷದ ಹುಡುಗನು ನಡೆಯಲಾರನು, ಆಗಾಗ್ಗೆ ಮೂರ್ಛೆ ಬರುತ್ತದೆ. ಮೂರ್ಛೆಯ ಗುಳಿಗೆಯನ್ನು ದಿನವೂ ಕೊಡಬೇಕೆಂದು ವೈದ್ಯರು ಹೇಳಿದ್ದಾರೆ. ಕೈಯಲ್ಲಿ ಕಾಸಿಲ್ಲದ ವಾರ ಗುಳಿಗೆ ನಿಲ್ಲುತ್ತದೆ, ಮೂರ್ಛೆ ತಿರಿಗಿ ಬರುತ್ತದೆ. ಗುಳಿಗೆಯನ್ನು ಹೀಗೆ ಥಟ್ಟನೆ ನಿಲ್ಲಿಸುವದು ಪ್ರಾಣಾಪಾಯದ ಕೆಲಸವು. ಕಚೇರಿಗೆ ಹೋಗಬೇಕಾದರೆ ಒಂದು ದಿವಸದ ಕೂಲಿ ಹೋಗುವದು. ಒಂದು ಕಾಗದ ಕಡಿಮೆಯೆಂದು ತಿರಿಗಿ ಕಳುಹಿಸಿದರೆ ಎರಡು ದಿವಸದ ಕೂಲಿ. ಮೂರನೇ ಸಾರಿ ಅವರು ಹೋಗುವದೇ ಇಲ್ಲ. ಇವರು ಸೋಮಾರಿಗಳೂ ಅಲ್ಲ, ಮಗುವಿನ ಮೇಲೆ ಪ್ರೀತಿಯಿಲ್ಲದವರೂ ಅಲ್ಲ. ಹಸಿವೆಯು ಅವರನ್ನು ತಡೆಯುತ್ತದೆ.

ಇಂಥಾ ಮನೆಗೆ ಓದುಬರಹ ಬಲ್ಲವನೊಬ್ಬನು ಒಂದು ಸಾಯಂಕಾಲ ಹೋಗಿ ಆಧಾರ್, ಪಡಿತರ ಚೀಟಿ, ಪ್ರಮಾಣಪತ್ರ, ಬ್ಯಾಂಕಿನ ಪುಸ್ತಕ, ಭಾವಚಿತ್ರ ಇವೆಲ್ಲಾ ಇವೆಯೋ, ಎಲ್ಲದರಲ್ಲಿ ಹೆಸರು ಒಂದೇ ವಿಧವಾಗಿ ಬರೆದದೆಯೋ ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು. ಗ್ರಾಮ ಪಂಚಾಯತಿಯಲ್ಲಿ ವಿಕಲಚೇತನರಿಗೋಸ್ಕರ ನೇಮಕವಾದ ಪುನರ್ವಸತಿ ಕಾರ್ಯಕರ್ತರನ್ನೂ, ತಾಲೂಕಿನಲ್ಲಿರುವ ಅವರ ಮೇಲ್ವಿಚಾರಕರನ್ನೂ ಕಂಡು ಕೇಳಿರಿ. ಆಶಾ ಕಾರ್ಯಕರ್ತೆಯರೂ ಅಂಗನವಾಡಿಯ ಶಿಕ್ಷಕಿಯರೂ ದಾರಿ ತೋರಿಸುವರು. ತಾಯಿಯು ಕಚೇರಿಗೆ ಹೋಗುವ ದಿವಸ ಮಿಕ್ಕ ಮಕ್ಕಳನ್ನು ನೋಡಿಕೊಳ್ಳುವದೂ ಒಂದು ಸಹಾಯವೇ. ಅರ್ಜಿ ತುಂಬಿಕೊಟ್ಟದ್ದಕ್ಕೆ ಅವರಿಂದ ಏನನ್ನೂ ತೆಗೆದುಕೊಳ್ಳಬೇಡಿರಿ. ಅವರ ಸಂಗತಿಯನ್ನು ಊರಲ್ಲಿ ಹರಡಲೂ ಬೇಡಿರಿ. ಇದು ದಾನವಲ್ಲ, ಆ ಮಗುವಿನ ಹಕ್ಕು ಎಂದು ಅವರಿಗೆ ತಿಳಿಸಿರಿ. ಆಗ ಅವರು ತಲೆಯೆತ್ತಿ ಕೇಳುವರು.

ವಿಚಾರಿಸುವದಕ್ಕೆ ಪ್ರಶ್ನೆಗಳು

೧. ನಮ್ಮ ಊರಲ್ಲಿ ಇಂಥಾ ಮಕ್ಕಳು ಎಷ್ಟು ಮಂದಿ ಇದ್ದಾರೆ? ಅವರಲ್ಲಿ ಎಷ್ಟು ಮಂದಿಗೆ ಪ್ರಮಾಣಪತ್ರವಿದೆ?
೨. ಗುರುತಿನ ಚೀಟಿಗೂ ವಿಮೆಗೂ ಇರುವ ಭೇದವೇನು?
೩. ನಿರಾಮಯವು ಯಾವ ನಾಲ್ಕು ವೈಕಲ್ಯಗಳಿಗೆ ಸಲ್ಲುತ್ತದೆ? ಅದನ್ನು ಯಾವ ತಾರೀಖಿನೊಳಗೆ ನವೀಕರಿಸಬೇಕು?
೪. ಬಿಲ್ಲುಗಳನ್ನು ಜೋಪಾನವಾಗಿಡುವದು ಯಾಕೆ ಅವಶ್ಯ?
೫. ಈ ತಿಂಗಳಲ್ಲಿ ನಾವು ಯಾವ ಮನೆಗೆ ಹೋಗುವೆವು? ನಮ್ಮಲ್ಲಿ ಯಾರು ಹೋಗುವರು?