ಬಿಚ್ಚಿದ ಚಕ್ರದ ಪಕ್ಕ ನಿಂತು ನೋಡು

ಪುತ್ತೂರು

ಪ್ರೀತಿಯ ಪುಟ್ಟಿ,

ನಿನಗೇನೂ ಆಗಲಿಲ್ಲವಲ್ಲ, ಅದೇ ದೊಡ್ಡದು. ನಿನ್ನ ಫೋನು ಬಂದ ಮೇಲೆ ದೊಡ್ಡಮ್ಮ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದಳು. ಫೋನಿನಲ್ಲಿ ಹೇಳಲಾಗದ್ದನ್ನು ಬರೆಯೋಣ ಎಂದು ಕೂತಿದ್ದೇನೆ.

ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ ಮೇಲೆ ಕಾರು ಕಿರ್ರೆನ್ನುತ್ತಿದೆ ಎಂದು ನೀನು ಮತ್ತೆ ಹೋಗಿ ಹೇಳಿದರೂ ಗ್ಯಾರೇಜಿನವರು 'ಹೊಸದಲ್ವಾ ಮೇಡಂ, ಓಡ್ತಾ ಓಡ್ತಾ ಸೆಟ್ ಆಗುತ್ತೆ' ಎಂದು ಕಳಿಸಿಬಿಟ್ಟರಂತೆ. ಬೇರೆಯವರು ಚಕ್ರ ಬಿಚ್ಚಿ ನೋಡಿದರೆ ಎಡಗಡೆ ಒಳಗಿನ ಪ್ಯಾಡೇ ತಿರುಗಾಮುರುಗಾ ಕೂತಿದೆ. ನೀನು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಡಿಸ್ಕಿನ ಹೊರಮೈ ನುಣ್ಣಗೆ ಹೊಳೆಯುತ್ತಿದೆ. ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು, ಅಂಚಿನಲ್ಲಿ ಕಾದು ನೀಲಿಗಟ್ಟಿದ ಕಲೆ.

ಪ್ಯಾಡ್ ಅಂದರೆ ಉಕ್ಕಿನ ತಗಡಿಗೆ ಅಂಟಿಸಿದ ಲೈನಿಂಗ್. ಡಿಸ್ಕನ್ನು ಹಿಡಿದು ನಿಲ್ಲಿಸಬೇಕಾದದ್ದು ಆ ಲೈನಿಂಗು. ತಗಡು ಇರುವುದು ಹಿಂದಿನಿಂದ ಪಿಸ್ಟನ್ ತಳ್ಳಲಿಕ್ಕೆ. ತಿರುಗಿಸಿ ಹಾಕಿದರೆ ಉಕ್ಕಿನ ತಗಡೇ ಡಿಸ್ಕನ್ನು ಉಜ್ಜುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 20-30ರ ವೇಗಕ್ಕೆ ಗಾಡಿ ಹೇಗೋ ನಿಂತಿತು. ಅದೇ ಕಾರಿನಲ್ಲಿ ನೀನು ಸಕಲೇಶಪುರ ದಾಟಿ ಶಿರಾಡಿ ಇಳಿಯುತ್ತಿದ್ದರೆ, ಮಳೆಯಲ್ಲಿ, ಮುಂದೊಂದು ಟ್ಯಾಂಕರ್, ಹಿಂದೊಂದು ಬಸ್ಸು! ಅದನ್ನು ನೆನೆದರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ.

'ಇನ್ನು ಯಾರನ್ನು ನಂಬೋದು ದೊಡ್ಡಪ್ಪ?' ಅಂದೆಯಲ್ಲ. ನಂಬಬೇಕು ಮಾರಾಯ್ತಿ, ನಂಬದೆ ಗಾಡಿ ಇಟ್ಟುಕೊಳ್ಳಲಿಕ್ಕಾಗುವುದಿಲ್ಲ. ಆದರೆ ಬೋರ್ಡಿನ ಗಾತ್ರ ನೋಡಿ ನಂಬಬೇಡ. ಕಾಫಿ ಕೊಟ್ಟು ಏಸಿ ರೂಮಿನಲ್ಲಿ ಕೂರಿಸಿದರು ಅಂತಲೂ ನಂಬಬೇಡ. ಯಾರು ನಿನ್ನನ್ನು ಕರೆದು ಬಿಚ್ಚಿದ್ದನ್ನು ತೋರಿಸುತ್ತಾರೋ, ಸದ್ದು ಬರುತ್ತಿದೆ ಅಂದರೆ ಕೂಡಲೇ ಜ್ಯಾಕ್ ಕೊಟ್ಟು ಚಕ್ರ ಕಳಚುತ್ತಾರೋ, ಅವರನ್ನು ನಂಬು. ಹೊಸ ಪ್ಯಾಡು ಒಮ್ಮೊಮ್ಮೆ ಸ್ವಲ್ಪ ಸದ್ದು ಮಾಡುವುದು ನಿಜ. ಹಾಗೆಂದು ಬಿಚ್ಚಿ ನೋಡದೆ ಆ ಮಾತು ಹೇಳುವ ಹಕ್ಕು ಯಾರಿಗೂ ಇಲ್ಲ.

ಒಂದು ಮಾತು ಮಾತ್ರ ನೆನಪಿಡು, ಆ ಪ್ಯಾಡ್ ಕೂರಿಸಿದ ಹುಡುಗನನ್ನು ಮನಸ್ಸಿನಲ್ಲಿ ಶಪಿಸಬೇಡ. ಸಂಜೆಯೊಳಗೆ ಇಷ್ಟು ಗಾಡಿ ಡೆಲಿವರಿ ಆಗಲೇಬೇಕು ಎಂದು ತಲೆ ಮೇಲೆ ನಿಲ್ಲುತ್ತಾರೆ; ಬಿಚ್ಚುವವನೊಬ್ಬ, ಕೂರಿಸುವವನೊಬ್ಬ. ಕೆಲಸ ಕಲಿಯುತ್ತಿರುವ ಹುಡುಗರ ಕೈ ತಪ್ಪುತ್ತದೆ. ಆ ತಪ್ಪು ಗೇಟು ದಾಟದಂತೆ ನೋಡಲಿಕ್ಕೇ ಅಲ್ಲವೇ ಮೇಲೊಬ್ಬ ಸೂಪರ್‌ವೈಸರ್ ಇರುವುದು? ಒಂದು ಸುತ್ತು ಓಡಿಸಿ ನೋಡಿದ್ದರೆ ಆ ಸದ್ದು ಕಿವಿಗೆ ಬೀಳುತ್ತಿತ್ತು. ಓಡಿಸಿ ನೋಡದೆ ಕೀಲಿ ಕೈಗಿತ್ತವರದೇ ತಪ್ಪು. ನೀನು ದೂರು ಹೇಳಿದ ಮೇಲೂ ಬಿಚ್ಚಲಿಲ್ಲವಲ್ಲ, ಅದನ್ನು ನಾನು ಕ್ಷಮಿಸಲಾರೆ.

ಇನ್ನು ಮುಂದೆ ಬ್ರೇಕಿನ ಕೆಲಸ ಆಗುವಾಗ ಪಕ್ಕದಲ್ಲಿ ನಿಲ್ಲು. ಹೆಣ್ಣುಮಗಳು ಎಂದು ಯಾರಾದರೂ ನಕ್ಕರೆ ನಗಲಿ, ನೀನು ಕದಲಬೇಡ. ಪ್ಯಾಡನ್ನು ಎಡಕ್ಕೂ ಬಲಕ್ಕೂ ಒಟ್ಟಿಗೇ ಬದಲಿಸಬೇಕು. ಪೊಟ್ಟಣವನ್ನು ನಿನ್ನ ಎದುರೇ ಒಡೆಯಲಿ, ಹಳೆಯದನ್ನು ನಿನ್ನ ಕೈಗೆ ಕೊಡಲಿ. ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಒರೆಸಿ ಅದಕ್ಕೆಂದೇ ಬರುವ ಗ್ರೀಸ್ ಹಚ್ಚಿದರೋ ನೋಡು. ಎಷ್ಟೋ ಕಡೆ ಬಿಟ್ಟುಬಿಡುವುದು ಇದನ್ನೇ. ಪಿನ್ನು ಹಿಡಿದುಕೊಂಡರೆ ಪ್ಯಾಡು ಡಿಸ್ಕನ್ನು ಬಿಡದೆ ಉಜ್ಜುತ್ತಲೇ ಇದ್ದು ಒಂದೇ ಕಡೆ ಸವೆಯುತ್ತದೆ, ಚಕ್ರ ಕಾದು ವಾಸನೆ ಬರುತ್ತದೆ. ಗ್ರೀಸು ಲೈನಿಂಗಿಗೆ ತಾಗಿದರಂತೂ ಆ ಪ್ಯಾಡು ಉಪಯೋಗಕ್ಕಿಲ್ಲ.

ಎಲ್ಲ ಮುಗಿದು ಗಾಡಿ ಕದಲುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೂ ಒತ್ತಿ ಒತ್ತಿ ಬಿಡಬೇಕು. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರಲ್ಲ, ಅದು ಪುನಃ ಮುಂದೆ ಬರುವ ತನಕ ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ. ಇದನ್ನು ಮರೆತು ರಿವರ್ಸ್ ತೆಗೆದರೆ ಗ್ಯಾರೇಜಿನ ಗೋಡೆಗೇ ಹೋಗಿ ಗುದ್ದುತ್ತದೆ.

ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಎಂದೂ ಕೇಳು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ; ತೇವ ಹೀರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಒಂದೇ ಸಮನೆ ಬ್ರೇಕ್ ಒತ್ತಿಕೊಂಡೇ ಬಂದರೆ ಆಯಿಲ್ ಕುದಿದು ಆವಿಯಾಗಿ, ಪೆಡಲ್ ಮೆತ್ತಗಾಗಿಬಿಡಬಹುದು. ಇಳಿಜಾರಿನಲ್ಲಿ ಚಿಕ್ಕ ಗೇರಿನಲ್ಲೇ ಬಾ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಆ ಗ್ಯಾರೇಜಿನವರಿಗೆ ಬಿಲ್ಲಿನ ನಕಲು, ಫೋಟೊ ಎರಡನ್ನೂ ಸೇರಿಸಿ ಒಂದು ಪತ್ರ ಬರೆ. ಜಗಳ ಬೇಡ, ಹೊಸ ಡಿಸ್ಕಿನ ಖರ್ಚು ಕೊಡಿ ಎಂದು ನೇರವಾಗಿ ಕೇಳು. ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, 2 ವರ್ಷದೊಳಗೆ. ಬಿಲ್ಲು ಇಟ್ಟುಕೊಂಡಿದ್ದೀಯಲ್ಲ, ಜಾಣೆ. ಬಿಚ್ಚಿದ ಪ್ಯಾಡನ್ನೂ ಎಸೆಯಬೇಡ.

ಡಿಸ್ಕ್, ಪ್ಯಾಡ್ ಎರಡೂ ಹೊಸದಾದ ಮೇಲೆ ಮೊದಲ 200-300 ಕಿ.ಮೀ. ಊರೊಳಗೇ ಓಡಿಸು, ಅವೆರಡೂ ಒಂದಕ್ಕೊಂದು ಹೊಂದಿಕೊಳ್ಳಲಿ. ಅಲ್ಲಿಯವರೆಗೆ ಘಾಟಿ ಇಳಿಸಬೇಡ. ಈ ಸಲ ಚೌತಿಗೆ ರಾತ್ರಿ ಬಸ್ಸಿಗೇ ಬಾ. ಬೆಳಿಗ್ಗೆ ಎಷ್ಟು ಹೊತ್ತಿಗೆ ತಲುಪಿದರೂ ನಾನು ಬಸ್‌ಸ್ಟ್ಯಾಂಡಿನಲ್ಲಿರುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ